ಹೆಲಿಪ್ಯಾಡ್ ಒಡೆಸಿ, ನಮ್ಮ ಮೈದಾನ ಬಿಟ್ಟುಕೊಡಿ: ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ನಾನು ಗದಗ ಜಿಲ್ಲೆಯವನು, ನಿಮ್ಮದೇ ಕ್ಷೇತ್ರದ ಒಂದು ಸಣ್ಣ ಊರಿನವನು. ಸೈಕಲ್ ರಿಪೇರಿ ಅಂಗಡಿ ಇದೆ. ಬಹಳ ವರ್ಷಗಳಿಂದ ಊರಿನ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಊರಿನ ಹೆಸರು, ಕ್ಲಬ್ಬಿನ ಹೆಸರು ಇಲ್ಲಿ ಬರೆದಿಲ್ಲ. ನಮ್ಮ ಹುಡುಗರಲ್ಲಿ ಕೆಲವರು ಗುತ್ತಿಗೆ ಕೆಲಸದಲ್ಲಿದ್ದಾರೆ, ಅವರಿಗೆ ತೊಂದರೆ ಆಗಬಾರದು. ಆದರೆ ಯಾವ ಮೈದಾನ ಅಂತ ನಿಮಗೆ ಕೂಡಲೇ ಗೊತ್ತಾಗುತ್ತದೆ. ನಟ್ಟನಡುವೆ ಸಿಮೆಂಟ್ ಸುರಿದು ಅದರ ಮೇಲೆ ಎಚ್ ಅಕ್ಷರ ಬರೆದ ಆಟದ ಮೈದಾನ ನಿಮ್ಮ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ನನ್ನ ಬೇಡಿಕೆ ಒಂದೇ. ಆ ಸಿಮೆಂಟ್ ಒಡೆಸಿ, ಮೈದಾನ ನಮಗೆ ಬಿಟ್ಟುಕೊಡಿ.

ಇದನ್ನು ನಾನು ಅರ್ಜಿಯಲ್ಲಿ ಬರೆದು ಕೊಟ್ಟೆ. ನಿಮ್ಮ ಮನೆ ಮುಂದೆ ನಿಂತು ಹೇಳಿದೆ. ನಿಮ್ಮ ಆಪ್ತ ಸಹಾಯಕರಿಗೆ ಫೋನ್ ಮಾಡಿದೆ. "ಸಾಹೇಬ್ರ ಗಮನಕ್ಕ ತಂದೀನ್ರಿ" ಅಂತ ಪ್ರತಿ ಸಲ ಅವರು ಹೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಮನಕ್ಕೆ ತಂದಿರಬಹುದು. ಗಮನಕ್ಕೆ ಬಂದ ಮೇಲೂ ಏನೂ ಆಗಲಿಲ್ಲ, ಅದಕ್ಕೇ ಈ ಪತ್ರ.

ಸಾಹೇಬರೇ, ಈ ಕ್ಲಬ್ ಹೇಗೆ ಹುಟ್ಟಿತು ಅಂತ ನಿಮಗೆ ಯಾರಾದರೂ ಹೇಳಿದ್ದಾರಾ? ಇಲ್ಲ ಅಂದ್ಕೊಂಡು ನಾನೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಓದಿ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಶುರುವಾಗಿದ್ದು 1885ರಲ್ಲಿ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಆ ವರ್ಕ್‌ಶಾಪ್ ಅನ್ನ ಹಾಕಿದೆ. ನಮ್ಮ ಓಣಿಯ ಒಬ್ಬರು ಅಲ್ಲಿ ಫಿಟ್ಟರ್ ಆಗಿದ್ದರು. ಊರಲ್ಲಿ ಎಲ್ಲರೂ ಅವರನ್ನು ಫಿಟ್ಟರ್ ಕಾಕಾ ಅಂತಲೇ ಕರೆಯುತ್ತಿದ್ದರು. ಆಗ ಇನ್ನೂ ಮೀಟರ್ ಗೇಜ್ ರೈಲು. ಶನಿವಾರ ಸಂಜೆಯ ಪ್ಯಾಸೆಂಜರಿಗೆ ಊರಿಗೆ ಬಂದು, ಸೋಮವಾರ ನಸುಕಿನಲ್ಲಿ ಹೊರಟುಬಿಡುತ್ತಿದ್ದರು. ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ ಚೆಂಡಾಟ ನೋಡಿ ನೋಡಿ ಅವರಿಗೆ ಹುಚ್ಚು ಹಿಡಿದಿತ್ತು. ಒಂದು ಶನಿವಾರ ಗೋಣಿಚೀಲದಲ್ಲಿ ಒಂದು ಚೆಂಡು ತಂದರು. ಹಳೇ ಚರ್ಮದ ಚೆಂಡು. ಒಳಗೆ ರಬ್ಬರ್ ಬ್ಲಾಡರ್, ಮೇಲೆ ಬೂಟಿಗೆ ಕಟ್ಟಿದ ಹಾಗೆ ಲೇಸು.

ಆಗ ಊರಲ್ಲಿ ಹತ್ತಿ ಜಿನ್ ಇತ್ತು. ನಮ್ಮ ಅಪ್ಪ ಅಲ್ಲಿ ಹಮಾಲರು. ಸಂಜೆ ಪಾಳಿ ಮುಗಿಸಿ, ಮೈಗೆ ಹತ್ತಿದ ಹತ್ತಿಯ ಎಳೆಗಳನ್ನೂ ಕೊಡವಿಕೊಳ್ಳದೆ ಹಮಾಲರೆಲ್ಲ ಆ ಬಯಲಿಗೆ ಬರುತ್ತಿದ್ದರು. ಬರಿಗಾಲಲ್ಲೇ ಆಟ. ಬೂಟಿಲ್ಲ ಅಂತ ಯಾರಾದರೂ ಹಿಂಜರಿದರೆ ಫಿಟ್ಟರ್ ಕಾಕಾ 1948ರ ಲಂಡನ್ ಒಲಿಂಪಿಕ್ಸ್ ಕಥೆ ತೆಗೆಯುತ್ತಿದ್ದರಂತೆ. ಫ್ರಾನ್ಸ್ ಎದುರು ನಮ್ಮ ದೇಶದವರು ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಸೋತಿದ್ದು 2–1ರಿಂದ ಮಾತ್ರ. ನಮ್ಮ ಗೋಲ್ ಹೊಡೆದವರು ಸಾರಂಗಪಾಣಿ ರಾಮನ್. ಈ ಹೆಸರನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ, ಅಪ್ಪನ ಬಾಯಲ್ಲಿ ಕೇಳಿದ್ದು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದ ಕಥೆಯೂ ಹಾಗೇ ಕಿವಿಗೆ ಬಿದ್ದದ್ದು.

ಅಪ್ಪ ಗೋಲ್‌ಕೀಪರ್. ಹತ್ತಿ ಅಂಡಿಗೆ ಎತ್ತಿದ ಕೈಗಳು. ಚೆಂಡು ಆ ಕೈಗೆ ಸಿಕ್ಕರೆ ಬಿಡಿಸಿಕೊಳ್ಳುವವರು ಇರಲಿಲ್ಲ. ಮೊದಲು ಬಿದಿರಿನ ಗಳ ನೆಟ್ಟು ಗೋಲ್ ಮಾಡಿಕೊಂಡಿದ್ದರು. ಗಾಳಿ ಬಂದರೆ ಬಿದ್ದುಹೋಗುತ್ತಿತ್ತು. ಆಮೇಲೆ ಹಮಾಲರು ಒಬ್ಬೊಬ್ಬರೂ ಒಂದೊಂದು ದಿನದ ಕೂಲಿ ಕೊಟ್ಟರು. ಆ ದುಡ್ಡಿನಲ್ಲಿ ಹುಬ್ಬಳ್ಳಿಯಿಂದ ಕಬ್ಬಿಣದ ಪೈಪು ಬಂದವು. ಓಣಿಯ ದರ್ಜಿಯ ಟೇಪಿನಲ್ಲಿ ಅಳತೆ ಮಾಡಿದರು. 24 ಅಡಿ ಅಗಲ, 8 ಅಡಿ ಎತ್ತರ. ಒಂದು ಇಂಚೂ ಹೆಚ್ಚುಕಡಿಮೆ ಆಗಬಾರದು ಅಂತ ಫಿಟ್ಟರ್ ಕಾಕಾ ಮೂರು ಸಲ ಅಳೆಸಿದರಂತೆ. ಎರಡು ಗೋಲ್, ನಾಲ್ಕು ಕಂಬ, ಎರಡು ಅಡ್ಡಪೈಪು. ಪ್ರತಿ ವರ್ಷ ಖಂಡೇನವಮಿಗೆ ಆ ಕಂಬಗಳಿಗೆ ಸುಣ್ಣ ಬಳಿದು, ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಿದ್ದೆವು. ನನ್ನ ಅಂಗಡಿಯ ಪಾನಾ, ಸುತ್ತಿಗೆಗೂ ಮೊದಲು ಆ ಕಂಬಗಳಿಗೆ ಪೂಜೆ.

ಈ ಕಂಬಗಳನ್ನು ನೆನಪಿಟ್ಟುಕೊಳ್ಳಿ ಸಾಹೇಬರೇ. ಮುಂದೆ ಅವುಗಳ ಮಾತು ಬರುತ್ತದೆ.

ಕ್ಲಬ್ ನೋಂದಣಿ ಮಾಡಿಸಲು ಅಪ್ಪ, ಕಾಕಾ ಇಬ್ಬರೂ ಧಾರವಾಡಕ್ಕೆ ಹೋಗಿದ್ದರು. ಆಗ ನಮಗೆ ಜಿಲ್ಲೆ ಅಂದರೆ ಧಾರವಾಡ. ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಜಿಲ್ಲೆ ಬೇರೆ ಆದರೂ ನಾವು ಲೀಗ್ ಆಡಲು ಹುಬ್ಬಳ್ಳಿ ಕಡೆಗೇ ಹೋಗುತ್ತಾ ಬಂದೆವು. ಸೆಕೆಂಡ್ ಡಿವಿಜನ್ ತಂಡ ನಮ್ಮದು. ಒಂದೇ ಒಂದು ಸಲ ಫಸ್ಟ್ ಡಿವಿಜನ್‌ಗೆ ಏರಿದ್ದೆವು. ಆಗ ನಾನೂ ಆಡುತ್ತಿದ್ದೆ, ರೈಟ್ ಬ್ಯಾಕ್. ಒಂದೇ ಸೀಸನ್‌ನಲ್ಲಿ ಕೆಳಗೆ ಬಂದೆವು. ಆಟ ಬರದೇ ಅಲ್ಲ. ವಾರದ ನಡುವೆ ಮ್ಯಾಚ್ ಇಟ್ಟರೆ ಕೂಲಿ ಬಿಟ್ಟು ಹೋಗುವವರು ಯಾರು? ಬಸ್ ಖರ್ಚು ಕೊಡುವವರು ಯಾರು?

ಆಮೇಲೆ ಜಿನ್ ಮುಚ್ಚಿತು. ಬರ ಬಂತು. ನಮ್ಮ ಹುಡುಗರು ಗೌಂಡಿ ಕೆಲಸಕ್ಕೆ ಗೋವಾಕ್ಕೆ ಹೋದರು. ಒಂದು ವರ್ಷ ಹನ್ನೊಂದು ಜನ ಸೇರಿಸಲಿಕ್ಕೆ ಆಗಲಿಲ್ಲ. ಏಳು ಜನ ಇದ್ದರೆ ಆಟ ಶುರು ಮಾಡಬಹುದು ಅಂತ ಫುಟ್‌ಬಾಲ್ ನಿಯಮದಲ್ಲಿದೆ. ಆ ವರ್ಷ ಏಳೇ ಜನ ಇಳಿದು ಆಡಿದ ಮ್ಯಾಚುಗಳಿವೆ. ಸೋತರು. ಆದರೆ ಒಂದು ಮ್ಯಾಚನ್ನೂ ಬಿಟ್ಟುಕೊಡಲಿಲ್ಲ. ಗೋವಾಕ್ಕೆ ಹೋದವರು ಅಲ್ಲಿ ಸಂಜೆ ಗದ್ದೆಯಲ್ಲಿ ಅಲ್ಲಿನ ಹುಡುಗರ ಜೊತೆ ಆಡಿ, ಹಬ್ಬಕ್ಕೆ ಬಂದಾಗ ಹೊಸ ಪಾಸಿಂಗ್ ಕಲಿಸಿ ಹೋಗುತ್ತಿದ್ದರು. ಹಾಗೆ ಉಳಿದ ಕ್ಲಬ್ ಇದು. ಯಾವ ಸರ್ಕಾರದ ದುಡ್ಡಿನಿಂದಲೂ ಅಲ್ಲ.

ಮೈದಾನವೂ ಹಾಗೆಯೇ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಂದರೆ ಒಂದೊಂದು ಕಾಲಿಗೆ ಎರಡೆರಡು ಕಿಲೋ ಮೆತ್ತಿಕೊಳ್ಳುತ್ತದೆ. ಪ್ರತಿ ವರ್ಷ ಯುಗಾದಿ ಆದ ಮೇಲೆ ಟ್ರ್ಯಾಕ್ಟರಿನಲ್ಲಿ ಗರಸು ತಂದು ಹರಡಿ, ನೀರು ಹೊಡೆದು, ರೋಲರ್ ಎಳೆಯುತ್ತಿದ್ದೆವು. ಡೀಸೆಲ್ಲಿಗೆ ಪಟ್ಟಿ ಎತ್ತುತ್ತಿದ್ದೆವು. ಜಾತ್ರೆಗೆ ಆ ಜಾಗ ಬೇಕು ಅಂದಾಗ ಯಾವತ್ತೂ ಇಲ್ಲ ಅಂದಿಲ್ಲ. ಮೊಹರಂಗೂ ಬಿಟ್ಟುಕೊಟ್ಟಿದ್ದೇವೆ. ಅದು ಊರಿನ ಜಾಗ, ಊರಿನ ಹಬ್ಬ. ಜಾತ್ರೆ ಮುಗಿದ ಮಾರನೇ ದಿನ ನಮ್ಮ ಹುಡುಗರೇ ನಿಂತು ಕಸ ಗುಡಿಸಿದ್ದಾರೆ.

ಆದರೆ ಈಚೆಗೆ ಏನಾಯಿತು? ಸೀರೆ ಸೇಲ್ ಬಂತು, ಪ್ರದರ್ಶನ ಬಂತು, ಸಮಾವೇಶ ಬಂತು. ಬಾಡಿಗೆ ಯಾರಿಗೆ ಹೋಯಿತೋ. ಒಂದು ಶಾಮಿಯಾನದವರು ಬಿಟ್ಟು ಹೋದ ಮೊಳೆ ಹತ್ತು ವರ್ಷದ ಒಬ್ಬ ಹುಡುಗಿಯ ಅಂಗಾಲಲ್ಲಿ ಹೊಕ್ಕಿತು. ಅವಳನ್ನು ನನ್ನ ಸೈಕಲ್ ಮೇಲೇ ಕೂರಿಸಿಕೊಂಡು ಇಂಜೆಕ್ಷನ್ ಮಾಡಿಸಲು ಕರೆದುಕೊಂಡು ಹೋದೆ. ಅವಳ ತಾಯಿ ಮತ್ತೆ ಅವಳನ್ನು ಆಟಕ್ಕೆ ಕಳಿಸಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅಷ್ಟೆಲ್ಲ ಸಹಿಸಿಕೊಂಡೆವು.

ಈಗ ಆ ಭಾನುವಾರದ ಮಾತಿಗೆ ಬರುತ್ತೇನೆ.

ಈ ಸಲ ನಮ್ಮ ತಂಡ ಚೆನ್ನಾಗಿತ್ತು. ಎಷ್ಟೋ ವರ್ಷಗಳ ಮೇಲೆ ಮತ್ತೆ ಫಸ್ಟ್ ಡಿವಿಜನ್‌ಗೆ ಏರುವ ಅವಕಾಶ. ಕೊನೆಯ ಮ್ಯಾಚ್, ಅದೂ ನಮ್ಮದೇ ಮೈದಾನದಲ್ಲಿ. ಗೆಲ್ಲಬೇಕು ಅಂತಲೂ ಇರಲಿಲ್ಲ, ಡ್ರಾ ಆದರೆ ಸಾಕಿತ್ತು. ಮೈದಾನಕ್ಕೆ ಹದಿನೈದು ದಿನ ಮೊದಲೇ ಪರವಾನಗಿ ತೆಗೆದುಕೊಂಡಿದ್ದೆ. ಶುಲ್ಕ ಕಟ್ಟಿದ ರಸೀದಿ ಇದೆ. ಶುಕ್ರವಾರ ಸಂಜೆಯೇ ಸುಣ್ಣದ ಗೆರೆ ಎಳೆದು ಬಂದಿದ್ದೆವು.

ಶನಿವಾರ ಮಧ್ಯಾಹ್ನ ಅಂಗಡಿಗೆ ಒಬ್ಬ ಹುಡುಗ ಓಡುತ್ತಾ ಬಂದ. "ಕಾಕಾ, ಗೋಲ್ ಕಂಬ ಕೊಯ್ಯಾಕತ್ಯಾರ" ಅಂದ. ನನಗೆ ಅರ್ಥವೇ ಆಗಲಿಲ್ಲ. ಕಂಬ ಯಾಕೆ ಕೊಯ್ಯುತ್ತಾರೆ? ಟ್ಯೂಬು ನೀರಿನಲ್ಲಿ ಹಾಗೇ ಬಿಟ್ಟು ಹೋದೆ. ಹೋಗಿ ನೋಡಿದರೆ ಗ್ಯಾಸ್ ಕಟರ್ ಹಿಡಿದವರು ಮೂರು ಕಂಬ ಮುಗಿಸಿ ನಾಲ್ಕನೆಯದಕ್ಕೆ ಕೈ ಹಾಕಿದ್ದರು. ನಡುವೆ ಇಟ್ಟಿಗೆ ಜೋಡಿಸಿ ಸಿಮೆಂಟ್ ಹಾಕುತ್ತಿದ್ದರು. ಸೆಂಟರ್ ಸರ್ಕಲ್ಲಿನ ನಮ್ಮ ಸುಣ್ಣದ ಗೆರೆಯ ಮೇಲೆಯೇ. ಸೋಮವಾರ ನಿಮ್ಮ ಕಾರ್ಯಕ್ರಮಕ್ಕೆ ದೊಡ್ಡ ಅತಿಥಿಗಳು ಹೆಲಿಕಾಪ್ಟರಿನಲ್ಲಿ ಬರುತ್ತಾರೆ, ಕಂಬ ಇದ್ದರೆ ಅಪಾಯ ಅಂದರು. ಪರವಾನಗಿ ಚೀಟಿ ತೋರಿಸಿದೆ. ಕೈಯಲ್ಲಿ ಹಿಡಿದು ನೋಡಿ, ಮಡಿಸಿ, ನನ್ನ ಜೇಬಿಗೇ ಇಟ್ಟರು. "ಮ್ಯಾಲಿಂದ ಹೇಳ್ಯಾರ್ರೀ, ನಾವೇನ್ ಮಾಡೂಣು" ಅಂದರು.

ಕೊಯ್ದ ಪೈಪಿನ ತುದಿ ಕಪ್ಪಗೆ ಕರಗಿ ಹನಿ ಹನಿಯಾಗಿ ಗಟ್ಟಿಯಾಗಿತ್ತು. ಒಳಗೆ ತುಕ್ಕು. ಹೊರಗೆ ಅಪ್ಪನ ಕಾಲದಿಂದ ಬಳಿದ ಸುಣ್ಣ, ಬಣ್ಣ, ಮತ್ತೆ ಸುಣ್ಣ, ಒಂದರ ಮೇಲೊಂದು ಪದರ. ಮುಟ್ಟಿದೆ. ಇನ್ನೂ ಬಿಸಿ ಇತ್ತು.

ಭಾನುವಾರ ಬೆಳಿಗ್ಗೆ ಎದುರಾಳಿ ತಂಡ ಬಂತು. ಹುಬ್ಬಳ್ಳಿಯಿಂದ ರೆಫರಿ ಬಂದರು. ಅವರು ಸಿಮೆಂಟನ್ನು ಒಂದು ಸುತ್ತು ಹಾಕಿ ನೋಡಿದರು. ಕಂಬ ಇದ್ದ ಜಾಗ ನೋಡಿದರು. ಅರ್ಧ ಗಂಟೆ ಕಾದರು. ಮೈದಾನ ಸಿದ್ಧ ಮಾಡುವುದು ಆತಿಥೇಯ ತಂಡದ ಕೆಲಸ. ಅವರ ತಪ್ಪೇನೂ ಇಲ್ಲ. ವಾಕ್‌ಓವರ್ ಬರೆದರು, ಅಂದರೆ ಆಡದೆಯೇ ಎದುರಾಳಿಗೆ ಗೆಲುವು. ಏಳು ಜನ ಇದ್ದಾಗಲೂ ಬಿಟ್ಟುಕೊಡದ ಕ್ಲಬ್, ಅವತ್ತು ಹದಿನಾರು ಜನ ಜರ್ಸಿ ಹಾಕಿಕೊಂಡು ನಿಂತಿದ್ದಾಗ ಮ್ಯಾಚ್ ಬಿಟ್ಟುಕೊಟ್ಟಿತು. ನಮ್ಮ ಕ್ಯಾಪ್ಟನ್ ಸಹಿ ಹಾಕಬೇಕಿತ್ತು. ಅವನ ಕೈ ನಡುಗುತ್ತಿತ್ತು. ಹಗಲೆಲ್ಲ ಗೌಂಡಿ ಕೆಲಸ ಮಾಡುವ ಹುಡುಗ, ಆ ಒಂದು ದಿನಕ್ಕೋಸ್ಕರ ಗೋವಾದಿಂದ ಕೆಲಸ ಬಿಟ್ಟು ಬಂದವನು.

ಎದುರಾಳಿ ತಂಡದ ಹುಡುಗರಿಗೂ ಬೇಜಾರಾಯಿತು. ಬಂದಿದ್ದೇವಲ್ಲ, ಆಡಿಯೇ ಹೋಗೋಣ ಅಂದರು. ಹೆಲಿಪ್ಯಾಡ್ ಪಕ್ಕದಲ್ಲಿ ಉಳಿದಿದ್ದ ಇಟ್ಟಿಗೆಗಳನ್ನೇ ಗೋಲ್ ಮಾಡಿಕೊಂಡು ಎರಡೂ ತಂಡ ಒಂದು ಗಂಟೆ ಆಡಿದವು. ಸ್ಕೋರ್ ಯಾರೂ ಬರೆದುಕೊಳ್ಳಲಿಲ್ಲ.

ಸೋಮವಾರ ಹೆಲಿಕಾಪ್ಟರ್ ಬರಲೇ ಇಲ್ಲ. ಅತಿಥಿಗಳು ಹುಬ್ಬಳ್ಳಿಯಿಂದ ಕಾರಿನಲ್ಲಿ ಬಂದರು.

ಸಾಹೇಬರೇ, ಅದು ನಿಮಗೆ ನೆನಪಿದೆಯಾ? ಅವರ ಕೊರಳಿಗೆ ಹಾರ ಹಾಕಿದವರು ನೀವೇ. ಕಾರಿನಲ್ಲಿ ಬರುವವರಿಗೆ ನಮ್ಮ ಕಂಬ ಯಾಕೆ ಕೊಯ್ಯಬೇಕಿತ್ತು? ಬಂದು ಹೋಗಿ ತಿಂಗಳುಗಳಾದವು. ಆ ಸಿಮೆಂಟ್ ಇನ್ನೂ ಯಾಕೆ ಇದೆ? "ಮುಂದ ಯಾರರ ಬಂದ್ರ ಬೇಕಾಗ್ತದ" ಅಂತ ಒಬ್ಬ ಅಧಿಕಾರಿ ನನಗೆ ಹೇಳಿದರು. ವರ್ಷಕ್ಕೆ ಒಂದು ಸಲ ಬರಬಹುದಾದವರಿಗಾಗಿ ದಿನಾ ಬರುವ ಮಕ್ಕಳು ಹೊರಗೆ ನಿಲ್ಲಬೇಕಾ?

ಒಡೆಸಿ ಸಾಹೇಬರೇ ಅದನ್ನು. ಒಂದು ಜೆಸಿಬಿಗೆ ಅರ್ಧ ದಿನದ ಕೆಲಸ. ದುಡ್ಡಿಲ್ಲ ಅಂದರೆ ಹೇಳಿ, ನಾವೇ ಪಟ್ಟಿ ಎತ್ತುತ್ತೇವೆ. ನಾವೇ ಹಾರೆ ಹಿಡಿದು ಒಡೆಯಬಹುದಿತ್ತು. ನಮ್ಮ ಹುಡುಗರು ಒಂದು ರಾತ್ರಿ ಸಿದ್ಧವೂ ಆಗಿದ್ದರು. ಸರ್ಕಾರಿ ಆಸ್ತಿಗೆ ಹಾನಿ ಮಾಡಿದರು ಅಂತ ಕೇಸ್ ಹಾಕುತ್ತಾರೆ, ಬೇಡ ಅಂತ ನಾನೇ ತಡೆದೆ. ನಮ್ಮ ಕಂಬ ಕೊಯ್ದವರ ಮೇಲೆ ಯಾವ ಕೇಸೂ ಇಲ್ಲ.

ಆಟದ ಮೈದಾನ, ಉದ್ಯಾನ, ಬಯಲು ಜಾಗಗಳನ್ನು ಕಾಪಾಡಲಿಕ್ಕೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಅದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಕಾಯ್ದೆ ಮಾಡುವ ಸದನದಲ್ಲಿ ಕೂರುವವರು ನೀವು. ಕಂಬ ಕೊಯ್ಯಲು ಆದೇಶ ಕೊಟ್ಟವರು ಯಾರು ಅಂತ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಕೇಳಿದೆ. 30 ದಿನದಲ್ಲಿ ಉತ್ತರ ಬರಬೇಕು. ಅದು ದಾಟಿ ಎಷ್ಟೋ ದಿನದ ಮೇಲೆ ಒಂದು ಸಾಲು ಬಂತು: ಈ ಬಗ್ಗೆ ಕಚೇರಿಯಲ್ಲಿ ಯಾವುದೇ ಕಡತ ಲಭ್ಯವಿಲ್ಲ. ಕಡತ ಇಲ್ಲದೆ ಸಿಮೆಂಟ್ ಎಲ್ಲಿಂದ ಬಂತು? ಗ್ಯಾಸ್ ಕಟರಿನವರಿಗೆ ಕೂಲಿ ಕೊಟ್ಟವರು ಯಾರು? ಕೇಳಿ ಕೇಳಿ ನನಗೆ ಸಾಕಾಗಿದೆ. ಆದೇಶ ಯಾರದೇ ಇರಲಿ, ಆ ಸಿಮೆಂಟ್ ಒಡೆಸಿ.

2023ರ ಮಾರ್ಚ್ ತಿಂಗಳು ನಿಮಗೆ ನೆನಪಿರಬಹುದು. ಆ ತಿಂಗಳು 4ನೇ ತಾರೀಕು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ರಾಜ್ಯಗಳ ತಂಡಗಳು ಆಡುವ ಫುಟ್‌ಬಾಲ್ ಕಪ್ ಸಂತೋಷ್ ಟ್ರೋಫಿ ಗೆದ್ದಿತು. ಇದಕ್ಕೆ ಮುಂಚೆ ಗೆದ್ದಿದ್ದು 1968–69ರಲ್ಲಿ, ಇನ್ನೂ ಮೈಸೂರು ರಾಜ್ಯ ಅಂತ ಇದ್ದಾಗ. 54 ವರ್ಷ ಕಾದು ಬಂದ ಕಪ್. ಅವತ್ತು ನಾನು ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದೆ. ಅದೇ ತಿಂಗಳು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯಿತು. 1,507 ಮೀಟರ್. ಅದನ್ನು ನೋಡಿ ನನಗೆ ನಿಜಕ್ಕೂ ಹೆಮ್ಮೆ ಆಯಿತು, ಫಿಟ್ಟರ್ ಕಾಕಾ ಇರಬೇಕಿತ್ತು ಅನ್ನಿಸಿತು. ಅಷ್ಟು ದೊಡ್ಡ ಕೆಲಸ ಮಾಡಬಲ್ಲ ನಾಡಿನಲ್ಲಿ ನಾವು ಕೇಳುವುದು 100 ಮೀಟರ್ ಉದ್ದ, 60 ಮೀಟರ್ ಅಗಲದ ನೆಲ. ಹೊಸದಾಗಿ ಕೊಡಿ ಅಂತಲೂ ಅಲ್ಲ. ಇದ್ದದ್ದನ್ನು ಬಿಟ್ಟುಕೊಡಿ ಅಂತ.

ಸ್ಟೇಡಿಯಂ ಬೇಡ. ಗ್ಯಾಲರಿ ಬೇಡ. ಲೈಟು ಬೇಡ. ನಿಮ್ಮ ಹೆಸರಿನ ಕಮಾನು ಹಾಕಿಸುವುದಿದ್ದರೆ ಹಾಕಿಸಿ, ನಮ್ಮದೇನೂ ತಕರಾರಿಲ್ಲ. ಸಿಮೆಂಟ್ ಒಡೆಸಿ. ಎರಡು ಗೋಲ್ ನಿಲ್ಲಿಸಿಕೊಡಿ. ಇನ್ನು ಮೇಲೆ ಇದನ್ನು ಬಾಡಿಗೆಗೆ ಕೊಡುವುದಿಲ್ಲ ಅಂತ ಒಂದು ಬೋರ್ಡ್ ಹಾಕಿಸಿ.

ಕೊಯ್ದ ಪೈಪುಗಳು ಏನಾದವು ಅಂತಲೂ ಹೇಳಿಬಿಡುತ್ತೇನೆ. ಆ ವಾರವೇ ಊರಿನ ಗುಜರಿಗೆ ಹೋಗಿದ್ದವು. ನನಗೆ ಗೊತ್ತಾಗುವಷ್ಟರಲ್ಲಿ ಹೆಚ್ಚಿನವು ಲಾರಿ ಹತ್ತಿ ಹೋಗಿದ್ದವು. ಒಂದು ಅಡ್ಡಪೈಪಿನ ಅರ್ಧ ತುಂಡು ಮಾತ್ರ ಉಳಿದಿತ್ತು. ಗುಜರಿಯವನು ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಕೊಟ್ಟ. ಅಪ್ಪ ಜಿಗಿದು ಕೈ ಕೊಡುತ್ತಿದ್ದ ಪೈಪು. ಅದನ್ನು ಭುಜದ ಮೇಲೆ ಹೊತ್ತು ತಂದೆ. ಈಗ ಅಂಗಡಿಯ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಈ ಖಂಡೇನವಮಿಗೆ ಅದಕ್ಕೇ ಪೂಜೆ ಮಾಡಿದೆ.

ಸಣ್ಣ ಹುಡುಗರು ಈಗಲೂ ಬೆಳಿಗ್ಗೆ ಆರಕ್ಕೆ ಬರುತ್ತಾರೆ. ಮೈದಾನದ ಮೂಲೆಯಲ್ಲಿ ಇರುವಷ್ಟು ಜಾಗದಲ್ಲಿ ಚೆಂಡು ಒದೆಯುತ್ತಾರೆ. ಸಿಮೆಂಟಿನ ಮೇಲೆ ಓಡಬೇಡಿ ಅಂತ ಹೇಳಿದರೂ ಚೆಂಡು ಹೋದ ಕಡೆ ಹೋಗುತ್ತಾರೆ. ಹೋದ ವಾರ ಒಬ್ಬ ಬಿದ್ದು ಮಂಡಿ ತರಚಿಕೊಂಡ. ಅಂಗಡಿಯಿಂದ ನೀರು ತಂದು ತೊಳೆದು ಕಳಿಸಿದೆ. ಮರುದಿನ ಮತ್ತೆ ಬಂದ, ಮಂಡಿಗೆ ಬಟ್ಟೆ ಕಟ್ಟಿಕೊಂಡು.

ಹೊಸ ಸೀಸನ್ನಿಗೆ ಹೆಸರು ನೋಂದಾಯಿಸಬೇಕು. ತವರು ಮೈದಾನ ಯಾವುದು ಅಂತ ಅರ್ಜಿಯಲ್ಲಿ ಒಂದು ಖಾನೆ ಇದೆ. ಉಳಿದದ್ದೆಲ್ಲ ತುಂಬಿ ಆ ಒಂದು ಖಾನೆ ಖಾಲಿ ಬಿಟ್ಟು ಇಟ್ಟುಕೊಂಡಿದ್ದೇನೆ. ಸಾಹೇಬರೇ, ಜೆಸಿಬಿ ಯಾವತ್ತು ಕಳಿಸುತ್ತೀರಿ ಅಂತ ತಿಳಿಸಿ. ಬೆಳಿಗ್ಗೆ ಎಷ್ಟು ಗಂಟೆಗಾದರೂ ಸರಿ, ನಾನು ಅಲ್ಲೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕ್ಲಬ್ಬಿನ ಕಾರ್ಯದರ್ಶಿ, ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯವನು